ಕಾಕಿ ಮತ್ತು ಹಗೇವಿನ ಅಂಜಿಕೆ

ಹೋದ ವಾರ ಅಫಜಲಪುರದ ಮಗನ ಮನೆಯಲ್ಲಿ, ಬಹಳ ದಿನದಿಂದ ಮುಚ್ಚಿಟ್ಟಿದ್ದ ಜೋಳದ ಡಬ್ಬಿ ತೆರೆದೆ. ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಸೊಸೆ ಸೆರಗು ಮೂಗಿಗಿಟ್ಟುಕೊಂಡು ಆಚೆ ಸರಿದಳು. ನಾನು ಮಾತ್ರ ಹೋಳಿಗೆಯ ವಾಸನೆ ಹಿಡಿದವಳಂತೆ ಡಬ್ಬಿಯ ಮೇಲೆ ಬಾಗಿ ನಿಂತೇ ಇದ್ದೆ.

ಅದು ಹಗೇವಿನ ವಾಸನೆ. ಹಗೇವು ನೋಡದವರಿಗೆ ಸ್ವಲ್ಪ ಹೇಳಬೇಕು: ನೆಲವನ್ನು ಆಳಕ್ಕೆ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನರೋಣಾದ ನಮ್ಮ ಮನೆಯಲ್ಲಿ ಅದು ಅಂಗಳದ ನಡುವೆಯೇ ಇತ್ತು. ವರ್ಷಗಟ್ಟಲೆ ಕಾಳು ಕಾಯುವ ಹಗೇವಿಗೆ ದೊಡ್ಡವರು ಇನ್ನೊಂದು ಕೆಲಸವನ್ನೂ ಹಚ್ಚಿದ್ದರು. ಊಟ ಬಿಟ್ಟರೆ ಹಗೇವಿಗೆ ಹಾಕುತ್ತೇನೆ, ಹಠ ಮಾಡಿದರೆ ಹಗೇವಿಗೆ ಹಾಕುತ್ತೇನೆ. ಅಣ್ಣಂದಿರು ಕೇಳಿ ನಗುತ್ತಿದ್ದರು. ನಾನು ನಂಬಿದೆ. ಎಪ್ಪತ್ತರ ದಶಕದ ಮಾತು, ಆಗ ನನಗೆ ಐದು ವರ್ಷವಿರಬೇಕು.

ಎಷ್ಟರಮಟ್ಟಿಗೆ ನಂಬಿದೆ ಎಂದರೆ, ಅಂಗಳ ದಾಟುವುದನ್ನೇ ಬಿಟ್ಟೆ. ಆಗಷ್ಟೇ ಹೆಸರು ಹಚ್ಚಿದ್ದ ಶಾಲೆಯೂ ಬಂದ್ ಆಯಿತು. ಅಜ್ಜಿ ಹಣೆತುಂಬ ವಿಭೂತಿ ಬಳಿದಳು, ಕೊರಳಿಗೆ ದಾರ ಕಟ್ಟಿಸಿದಳು. ಅಪ್ಪ ಗದರಿದ. ದೊಡ್ಡಣ್ಣ ಬಂಡೆ ಎಷ್ಟು ಗಟ್ಟಿಯೆಂದು ತೋರಿಸಲು ಅದರ ಮೇಲೆ ಧಪಧಪ ಕುಣಿದ. ಆ ಸದ್ದಿಗೆ ನನಗೆ ಜ್ವರವೇ ಬಂತು. ಕಡೆಗೆ, ಈ ಹುಡುಗಿಗೆ ಶಾಲೆಯೇ ಬೇಡ ಎಂಬಲ್ಲಿಗೆ ಮಾತು ಬಂದು ನಿಂತಿತು. ಹೆಣ್ಣುಮಗುವಿನ ಮಟ್ಟಿಗೆ ಆ ಕಾಲದಲ್ಲಿ ಅಂಥ ತೀರ್ಮಾನಕ್ಕೆ ಬಹಳ ವಿಚಾರ ಬೇಕಿರಲಿಲ್ಲ.

ಅದೇ ವರ್ಷ ಕಾಕಿ ಬಂದಳು. ಹಿರೋಳ್ಳಿಯ ಹುಡುಗಿ, ಅಪ್ಪನ ತಮ್ಮನಾದ ನಮ್ಮ ಕಾಕಾನ ಹೊಸ ಹೆಂಡತಿ. ಅವಳ ಮಾತಿನಲ್ಲಿ ಮರಾಠಿ ನುಸುಳುತ್ತಿತ್ತು. ಮಗು ಎನ್ನುವ ಬದಲು ನನ್ನನ್ನು ಬಾಳಾ ಎನ್ನುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಮನೆಯಲ್ಲಿ ಯಾರೂ ಕೇಳದಿದ್ದ ಮಾತು ಕೇಳಿದಳು.

"ಹಗೇದಾಗ ಏನದ ಬಾಳಾ?"

"ಯಾರೋ ಉಸರ ಬಿಡಾಕತ್ತಾರ," ಎಂದೆ.

ಅವಳು ನಗಲಿಲ್ಲ. ಸುಳ್ಳು ಎನ್ನಲೂ ಇಲ್ಲ. ರೊಟ್ಟಿ ತಿರುವಿ ಹಾಕಿ, ಅವರು ಗಂಡಸೋ ಹೆಂಗಸೋ, ಏನು ತಿನ್ನುತ್ತಾರೆ ಎಂದೆಲ್ಲ ವಿಚಾರಿಸಿದಳು. ಹೇಳುತ್ತ ಹೇಳುತ್ತ ನನಗೇ ಉತ್ತರ ಸಾಲದಾಯಿತು. ಹಗೇವು ತೆರೆಯುವ ದಿನ ಇಬ್ಬರೂ ದೂರ ನಿಂತು ನೋಡೋಣ, ನೀನು ಸಾಕು ಎಂದ ಕೂಡಲೇ ಮನೆಯೊಳಗೆ ಬರೋಣ ಎಂದು ಮಾತು ಕೊಟ್ಟಳು.

ಆ ದಿನ ಬಂಡೆ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ದೀಪ ಆರಿದರೆ ಮನುಷ್ಯ ಇಳಿಯುವಂತಿಲ್ಲ. ಆರಲಿಲ್ಲ. ಕಾಕಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಆಗ ಕಾಕಿ ನನ್ನ ಕೈ ಹಿಡಿದಳು.

"ನಿಮ್ಮ ಕಾಕಾ ಒಳಗ ಇಳದಾರ. ನನಗ ಭಾಳ ಅಂಜಿಕಿ ಬಂದದ ಬಾಳಾ. ಕೈ ಬಿಡಬ್ಯಾಡ."

ದೊಡ್ಡವರಿಗೂ ಅಂಜಿಕೆ ಬರುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಸಾಕು ಎನ್ನುವುದನ್ನು ಮರೆತೆ. ಅವಳಿಗೆ ಕಾಕಾ ಕಾಣಲಿ ಎಂದು ಒಂದೊಂದೇ ಹೆಜ್ಜೆ ನಾನೇ ಅವಳನ್ನು ಎಳೆದುಕೊಂಡು ಹೋದೆ. ಬಗ್ಗಿ ನೋಡಿದರೆ, ಕಂದೀಲಿನ ಬೆಳಕಿನಲ್ಲಿ ಮೊಣಕಾಲಮಟ ಜೋಳದಲ್ಲಿ ನಿಂತು ಕಾಕಾ ಒಂದೇ ಸಮನೆ ಸೀನುತ್ತಿದ್ದ. ಕಾಕಿ ನಕ್ಕಳು, ಕಣ್ಣಲ್ಲಿ ನೀರೂ ಇತ್ತು.

ಅಂಜಿಕೆ ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಆ ಬಂಡೆಯ ಹತ್ತಿರ ಹೆಜ್ಜೆ ಚುರುಕಾಗುವುದು ಎಷ್ಟೋ ವರ್ಷ ನಿಲ್ಲಲಿಲ್ಲ. ಆದರೆ ಮರುದಿನ ಶಾಲೆಗೆ ಹೋದೆ. ಹೋಗುತ್ತ ಹೋಗುತ್ತ ಮುಂದೆ ಜೇವರ್ಗಿಯ ಶಾಲೆಯಲ್ಲಿ ಟೀಚರೂ ಆದೆ.

ಅದಕ್ಕೂ ಬಹಳ ಮೊದಲೇ ಕಾಕಾನಿಗೆ ಸೋಲಾಪುರದಲ್ಲಿ ಕೆಲಸ ಸಿಕ್ಕಿತ್ತು. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಕಾಕಿ ಕಿಟಕಿಯಿಂದ ಕೈಚಾಚಿ ನನ್ನ ಗಲ್ಲ ಮುಟ್ಟಿ ಹೋದಳು. ಆಮೇಲೆ ಹಬ್ಬ ಹುಣ್ಣಿಮೆಗೆ ಬರುತ್ತಿದ್ದಳು, ಬೀಗರ ಹಾಗೆ, ಬಂದ ದಿನವೇ ಹೊರಡುವ ಬಸ್ಸಿನ ವೇಳೆ ಕೇಳುತ್ತ. ಒಲೆಯ ಮುಂದೆ ನನ್ನನ್ನು ಕೂಡಿಸಿಕೊಂಡ ಆ ಕಾಕಿ ಮಾತ್ರ ತಿರುಗಿ ಬರಲೇ ಇಲ್ಲ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಈ ವಯಸ್ಸಿನಲ್ಲೂ ಅವಳು ಬೇಕೆನಿಸುತ್ತಾಳೆ.

ನಾಳೆ ಕಲಬುರಗಿಯಲ್ಲಿ ನನ್ನ ಕಣ್ಣಿನ ಆಪರೇಶನ್. ಏನೂ ಆಗುವುದಿಲ್ಲ ಎಂದು ಮಗ, ಡಾಕ್ಟರು, ಎದುರು ಮನೆಯವರು ಎಲ್ಲರೂ ಹೇಳಿಯಾಯಿತು. ನಾನೂ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವಳಲ್ಲವೇ, ಹೂಂ ಹೂಂ ಎನ್ನುತ್ತ ಗಟ್ಟಿ ಮುಖ ಮಾಡಿಕೊಂಡು ತಿರುಗುತ್ತಿದ್ದೆ. ಇವತ್ತು ಮಧ್ಯಾಹ್ನ ಇನ್ನು ತಡೆಯಲು ಆಗಲಿಲ್ಲ. ಸೊಸೆಯನ್ನು ಕರೆದೆ.

"ಗ್ಯಾಸ್ ಬಂದ್ ಮಾಡಿ ಇಲ್ಲಿ ಬಾರವ್ವ. ನನಗ ಅಂಜಿಕಿ ಬಂದದ."

ಅವಳು ಬಂದು ಪಕ್ಕದಲ್ಲಿ ಕೂತಳು. ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು.

"ಹೆರಿಗಿಗೆ ಹೋಗೂ ಮುಂದ ನಾನೂ ಹಿಂಗೇ ಅಂಜಿದ್ದೆರಿ ಅತ್ತಿ. ಯಾರ ಮುಂದೂ ಹೇಳಿದ್ದಿಲ್ಲ."

ಅವಳ ಮಗನಿಗೆ ಈಗ ಒಂಬತ್ತು ವರ್ಷ. ಅವಳು ಹೇಳುತ್ತ ಹೋದಳು, ನಾನು ಕೇಳುತ್ತ ಕೂತೆ.