ವಿರೋಧದ ಚೀಟಿ

ಇವತ್ತು ಬೆಳಿಗ್ಗೆ ಗೋಡೆಯ ಮೇಲಿನ ಬಿಲ್ಲನ್ನು ಇಳಿಸಿ ಒರೆಸುತ್ತಿದ್ದೆ. ಹೆದೆ ಕಟ್ಟುವ ಜಾಗದ ಸಂದಿಯಿಂದ ಒಂದು ಚಿಟಿಕೆ ಅರಳೆ ಉದುರಿತು. ಎಷ್ಟು ವರ್ಷದ್ದೋ ಏನೋ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂಗಿನ ಹತ್ತಿರ ಹಿಡಿದೆ. ಬಿಸಿಲಿಗೆ ಹಾಕಿದ ಹಳೆಯ ಗಾದಿಯ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ಕೆಮ್ಮು ಬಂತು. ಕೆಮ್ಮಿನ ಬೆನ್ನಿಗೇ ನಗುವೂ ಬಂತು. ಒಳಗಿನಿಂದ ನಮ್ಮ ಮನೆಯಾಕೆ ಹುಸೇನಮ್ಮ ಕೂಗಿದಳು: "ಒಬ್ರೇ ನಗ್ತೀರಲ್ರೀ! ಮೊಮ್ಮಗಳು ಕಪ್ ತಂದಾಗಿಂದ ನಿಮ್ ತಲೆ ನೆಟ್ಟಗಿಲ್ಲ ನೋಡ್ರಿ."

ನೆಟ್ಟಗಿಲ್ಲ, ಒಪ್ಪಿದೆ. ಚಹದಂಗಡಿಯಲ್ಲಿ ಹೇಳಿದ್ದಾಯಿತು, ಬಸ್ಸಿನ ಕಂಡಕ್ಟರಿಗೆ ಹೇಳಿದ್ದಾಯಿತು, ಆಸ್ಪತ್ರೆಯಲ್ಲಿ ನನ್ನ ಎದೆಗೆ ಕೊಳವೆ ಇಟ್ಟ ಡಾಕ್ಟರಿಗೂ ಹೇಳಿದೆ. "ಉಸಿರು ಬಿಗಿ ಹಿಡೀರಿ ತಾತ" ಅಂದರು. ಹಿಡಿದಿದ್ದು ಎರಡೇ ಕ್ಷಣ, ಆಮೇಲೆ ಮತ್ತೆ ಸಲ್ಮಾಳ ವಿಷಯವೇ. ಈಗ ಉಳಿದಿರುವವರು ನೀವು. ಸ್ವಲ್ಪ ಕೂತುಕೊಳ್ಳಿ.

ಮೊದಲು ಈ ಬಿಲ್ಲಿನ ವಿಷಯ. ಇದು ಬಾಣ ಬಿಡುವ ಬಿಲ್ಲಲ್ಲ, ಅರಳೆ ಹಿಂಜುವ ಬಿಲ್ಲು. ಆಳುದ್ದದ ಮರ, ಅದಕ್ಕೆ ಬಿಗಿದ ನರದ ಹೆದೆ. ಮರದ ಗುಂಡಿನಿಂದ ಹೆದೆಯನ್ನು ಮೀಟಿದರೆ ಟಂಯ್ ಎನ್ನುತ್ತದೆ, ಹೆಪ್ಪುಗಟ್ಟಿದ ಅರಳೆ ಬಿಡಿಬಿಡಿಯಾಗಿ ಮೇಲೆ ಹಾರುತ್ತದೆ. ಹೊಳಲ್ಕೆರೆಯಲ್ಲಿ ನಮ್ಮದು ತಲೆಮಾರುಗಳಿಂದ ಇದೇ ಕೆಲಸ. ನನ್ನ ಪ್ರಾಯದಲ್ಲಿ ಇದನ್ನು ಹೆಗಲ ಮೇಲಿಟ್ಟುಕೊಂಡು ಬಿ.ದುರ್ಗಕ್ಕೆ, ಬಾಗೂರಿಗೆ, ಎಲ್ಲಿಗೆ ಕರೆದರೆ ಅಲ್ಲಿಗೆ ನಡೆದಿದ್ದೇನೆ. ಮದುವೆ ಗೊತ್ತಾದ ಮನೆಯವರು ಮೊದಲು ಅಕ್ಕಸಾಲಿಗನನ್ನು ಕರೆಯುತ್ತಿದ್ದರು, ಆಮೇಲೆ ಗಾದಿ ಮಾಡಿಸಲು ನನ್ನನ್ನು. ಅಂಗಳದಲ್ಲಿ ನನ್ನ ಬಿಲ್ಲು ಟಂಯ್ ಅಂದರೆ ಬೀದಿಗೆಲ್ಲ ಮದುವೆಯ ಸುದ್ದಿ ಮುಟ್ಟುತ್ತಿತ್ತು. ಆ ಜಂಬ ನನಗೆ ಇತ್ತು. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ?

ಆ ಜಂಬದಿಂದಲೇ ನನ್ನ ಮಗ ಬಾಬು ಅರಳೆ ಹಿಂಜುವ ಮಿಷನ್ ತಂದಾಗ ಅವನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದೆ. ಹಿತ್ತಲಿನ ಶೆಡ್ಡಿನಲ್ಲಿ ಮಿಷನ್ ಇಟ್ಟ. ನಾನು ಆ ಶೆಡ್ಡಿನ ಹೊಸಿಲು ದಾಟಲಿಲ್ಲ. ಗಾದಿ ಹೊಲಿಯುವುದು ಮಾತ್ರ ಮುಂದಿನ ಪಡಸಾಲೆಯಲ್ಲಿ ನನ್ನ ಕೈಯಲ್ಲೇ ಉಳಿಯಿತು. ಹಿಂಜಿದ ಅರಳೆ ಮೂಟೆ ಮೂಟೆ ನನ್ನ ಮುಂದೆ ಬಂದು ಬೀಳುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಕೂತು ಹೊಲಿಯುತ್ತಿದ್ದೆ. ಇಷ್ಟು ವರ್ಷ ನಡೆದ ಈ ನಾಟಕಕ್ಕೆ ಯಾವ ತೀರ್ಪುಗಾರರೂ ಬಹುಮಾನ ಕೊಡಲಿಲ್ಲ.

ಬಾಬುವಿನ ಮಗಳೇ ಸಲ್ಮಾ. ಈಗ ಹತ್ತನೇ ಕ್ಲಾಸು. ಒಂದು ದಿನ ಅವಳ ಶೈಲಜಾ ಮೇಡಂ ಮನೆಗೇ ಬಂದರು. "ತಾತ, ನಿಮ್ಮ ಮೊಮ್ಮಗಳ ಹತ್ರ ವಿಷಯ ಐತೆ, ಧ್ವನಿ ಐತೆ. ಆದ್ರೆ ಮಾತು ಶುರು ಮಾಡಿದ್ಲು ಅಂದ್ರೆ ಬ್ರೇಕ್ ಇಲ್ಲದ ಲಾರಿ. ಐದು ನಿಮಿಷದ್ದನ್ನ ಎರಡೇ ನಿಮಿಷಕ್ಕೆ ಮುಗಿಸ್ತಾಳೆ. ಚರ್ಚಾ ಸ್ಪರ್ಧೆಗೆ ಇದು ಆಗಾಕಿಲ್ಲ. ಮನೇಲಿ ಯಾರಾದ್ರೂ ಕುಂತು ಕೇಳ್ರಿ" ಅಂದರು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚರ್ಚೆ ಎಂದರೆ ಸಂತೆಯಲ್ಲಿ ಮಾಡುವುದಷ್ಟೇ ಗೊತ್ತಿತ್ತು. ಆದರೂ ಕೂತೆ. ಸಲ್ಮಾ ಶುರು ಮಾಡಿದಳು, ನಾನು ದಬ್ಬಣಕ್ಕೆ ದಾರ ಪೋಣಿಸುವಷ್ಟರಲ್ಲಿ ಮುಗಿಸಿದಳು. ಅವಳನ್ನು ಗಾದಿಯ ಪಕ್ಕ ಕೂರಿಸಿಕೊಂಡೆ.

"ಇಲ್ಲಿ ನೋಡವ್ವ. ಈ ಗಾದಿಗೆ ಯಾಕೆ ಗೇಣಿಗೊಂದು ಗಂಟು ಹಾಕ್ತೀನಿ?"

"ಚೆಂದ ಕಾಣ್ಲಿ ಅಂತ."

"ಚೆಂದಕ್ಕಲ್ಲ. ಗಂಟು ಇಲ್ದಿದ್ರೆ ಅರಳೆ ಎಲ್ಲಾ ಹೋಗಿ ಒಂದು ಮೂಲೇಲಿ ಕುಂತ್ಕಳ್ತೈತೆ. ಮಲಗ್ದೋನಿಗೆ ಬೆನ್ನಿಗೆ ನೆಲ ಸಿಗ್ತೈತೆ. ನಿನ್ ಮಾತೂ ಅಂಗೇ ಆಗ್ತಾ ಐತೆ. ಒಂದ್ ಮಾತು ಹೇಳು, ಗಂಟು ಹಾಕು. ಆಮೇಲೆ ಮುಂದಕ್ಕೆ ಹೋಗು."

ಅವತ್ತಿನಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಮಾತನಾಡುವುದು, ನಾನು ಹೊಲಿಯುವುದು. ನಾನು ಗಂಟು ಬಿಗಿದು ದಾರ ಕತ್ತರಿಸುವವರೆಗೆ ಅವಳು ಮುಂದಿನ ಮಾತು ಎತ್ತುವಂತಿಲ್ಲ. ಆ ತಿಂಗಳು ಒಂದು ಗಾದಿಗೂ ಗಂಟು ಕಮ್ಮಿ ಬೀಳಲಿಲ್ಲ. ಬಾಗೂರಿನ ಒಬ್ಬ ಗಿರಾಕಿ, "ಏನಪ್ಪ ಇದು, ಗಾದಿನೋ ಜೋಳದ ತೆನೇನೋ?" ಎಂದು ಕೇಳಿಯೇಬಿಟ್ಟ.

ಇದನ್ನು ಅವಳ ಗೆಳತಿಯರು ಬಂದು ನೋಡುತ್ತಿದ್ದರು. ಅವರದು ಕೋಲಾಟದ ತಂಡ, ಎಂಟು ಹುಡುಗಿಯರು. ಅಂಗಡಿಯಿಂದ ತಂದ ಬಣ್ಣದ ಕೋಲುಗಳು ಅಭ್ಯಾಸದಲ್ಲೇ ಸೀಳಿಹೋಗಿದ್ದವು. ಗಾದಿ ಹೊಲಿದ ಮೇಲೆ ಅರಳೆ ಸಮನಾಗಲೆಂದು ಅದನ್ನು ಕೋಲಿನಿಂದ ಬಡಿಯುತ್ತೇವೆ. ಕೈಯ ಬೆವರು ಕುಡಿದು ನುಣ್ಣಗಾದ ಅಂಥ ಕೋಲುಗಳು ನನ್ನ ಹತ್ತಿರ ಬೇಕಾದಷ್ಟು ಇದ್ದವು. ಅಳತೆಗೆ ಕತ್ತರಿಸಿ ಕೊಟ್ಟೆ. ಆ ಹುಡುಗಿಯರು ಅವುಗಳಿಂದ ಎಂಥಾ ಸದ್ದು ಹೊರಡಿಸಿದರು ಅಂತೀರಿ! ತಾಲ್ಲೂಕಿನಲ್ಲಿ ಅವರ ಕೋಲಾಟಕ್ಕೂ ಮೊದಲ ಸ್ಥಾನ, ಸಲ್ಮಾಳ ಚರ್ಚೆಗೂ ಮೊದಲ ಸ್ಥಾನ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಚರ್ಚೆಯ ವಿಷಯ, "ಯಂತ್ರಗಳಿಂದ ಕೈಕಸುಬಿಗೆ ಕೇಡಾಯಿತು" ಎಂಬುದು. ಹೌದು ಎನ್ನುವವರು ಪರ, ಇಲ್ಲ ಎನ್ನುವವರು ವಿರೋಧ. ತಾಲ್ಲೂಕಿನಲ್ಲಿ ಯಾವ ಕಡೆ ಎಂದು ಮಕ್ಕಳೇ ಆರಿಸಿಕೊಂಡಿದ್ದರು. ಸಲ್ಮಾ ಪರವಾಗಿ ನಿಂತು ನನ್ನ ಬಿಲ್ಲಿನ ಕಥೆ ಹೇಳಿ ಗೆದ್ದಳು. ನನ್ನ ಎದೆ ಹೊಸ ಗಾದಿಯ ಹಾಗೆ ಉಬ್ಬಿತು. ಜಿಲ್ಲೆಯಲ್ಲಿ ಮಾತ್ರ ಚೀಟಿ ಎತ್ತಿಸುತ್ತಾರೆ, ಎರಡೂ ಕಡೆ ಬರೆದುಕೊಂಡು ಬಾ ಎಂದು ಮೇಡಂ ಹೇಳಿದ್ದರು. ಅವಳು ಬರೆದದ್ದೂ ನಿಜ. ಆ ಹಾಳೆ ನನ್ನ ಕೈಗೆ ಸಿಕ್ಕಿತು.

"ಏನಿದು?"

"ವಿರೋಧದ್ದು ತಾತ. ಚೀಟಿ ಅದೇ ಬಂದ್ರೆ ಇರ್ಲಿ ಅಂತ."

"ನಮ್ಮ ಮನೇಲಿ ಕುಂತು, ಈ ಬಿಲ್ಲಿನ ಕೆಳಗೆ ಕುಂತು, ಇದಕ್ಕೆ ಎದುರು ಬರೀತೀಯಾ?"

ಅವಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಚಹಾ ಮುಟ್ಟಲಿಲ್ಲ. "ಮುದುಕ ಮಗು ಆದ" ಎಂದು ಹುಸೇನಮ್ಮ ಬೈದಳು. ಸಲ್ಮಾ ಆ ಹಾಳೆಯನ್ನು ನನ್ನ ಕಣ್ಣೆದುರೇ ಹರಿದು ಒಲೆಗೆ ಹಾಕಿದಳು. ನಾನು ಗೆದ್ದೆ ಅಂದುಕೊಂಡು ಎರಡು ಲೋಟ ಚಹಾ ಕುಡಿದೆ.

ಜಿಲ್ಲಾ ಸ್ಪರ್ಧೆಗೆ ಚಿತ್ರದುರ್ಗಕ್ಕೆ ಹೊರಟೆವು. ಟೆಂಪೋದಲ್ಲಿ ಮೇಡಂ, ಕೋಲಾಟದ ಎಂಟು ಹುಡುಗಿಯರು, ಸಲ್ಮಾ, ಮತ್ತೆ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ನಾನು. ಸ್ಪರ್ಧೆ ನಡೆಯುವ ಶಾಲೆಯ ಅಂಗಳದಿಂದ ಜೋಗಿಮಟ್ಟಿಯ ಗುಡ್ಡ ಕಾಣುತ್ತಿತ್ತು. ಹಿರಿಯೂರು, ಹೊಸದುರ್ಗ, ಎಲ್ಲ ಕಡೆಯ ಮಕ್ಕಳೂ ಬಂದಿದ್ದರು. ನಾನು ಬೇವಿನ ಮರದ ಕೆಳಗೆ ಕೂತು, ನಮ್ಮ ಹುಡುಗಿಯ ಮುಂದೆ ಇವರೆಲ್ಲ ಯಾವ ಲೆಕ್ಕ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದೆ. ಆಗ ಸಲ್ಮಾ ಕೈಯಲ್ಲಿ ಚೀಟಿ ಹಿಡಿದುಕೊಂಡು ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ.

"ವಿರೋಧ ಬಂತು ತಾತ."

ಪಕ್ಕದಲ್ಲೇ ಇದ್ದ ಮೇಡಂ, "ಅದಕ್ಕೇನಂತೆ? ಬರ್ಕಂಡಿದ್ದೀಯಲ್ಲ, ಆ ಹಾಳೆ ತೆಗಿ" ಅಂದರು. ಸಲ್ಮಾ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಹಾಳೆ ಇಲ್ಲ ಮೇಡಂ. ನಾನು ಮಾತಾಡಲ್ಲ, ಹೆಸ್ರು ತೆಗೆಸಿಬಿಡ್ರಿ. ಬಿಲ್ಲಿನ ಮೇಲೆ ಮಾತಾಡಿ ಗೆದ್ದೋಳು, ಈಗ ತಾತನ ಮುಂದೆ ನಿಂತು ಅದು ಸುಳ್ಳು ಅನ್ಲಾ?"

ಅವಳ ಪಾಳಿಗೆ ಅರ್ಧ ಗಂಟೆ ಇತ್ತು. ಮೇಡಂ ಮುಂದೆ ಬಾಯಿಬಿಡಲು ನನಗೆ ನಾಚಿಕೆ. ಆದರೆ ಹುಡುಗಿ ಹೆಸರು ತೆಗೆಸಿ ಟೆಂಪೋ ಹತ್ತಿದರೆ, ಅದು ನಾನು ಕುಡಿದ ಆ ಎರಡು ಲೋಟ ಚಹದ ಬೆಲೆ. ಜಗಳಕ್ಕೆ ನಿಂತರೆ ಬಿಡದವನು ನಾನು. ಈ ಸಲ ನನ್ನ ಜೊತೆಗೇ ಜಗಳಕ್ಕೆ ನಿಂತೆ.

"ಕುಂತ್ಕ ಇಲ್ಲಿ. ಹೆಸ್ರು ತೆಗ್ಸೋ ಮಾತು ಆಡಬ್ಯಾಡ. ನಿಮ್ಮ ಮುತ್ತಾತ ಹೆಂಗೆ ಸತ್ತ ಗೊತ್ತಾ?"

"ವಯಸ್ಸಾಗಿ."

"ವಯಸ್ಸಾಗಿ ಅಂತ ನಾನು ಹೇಳ್ಕಂಡು ಬಂದಿದ್ದು. ಅವ್ನಿಗೆ ಎಂಥಾ ವಯಸ್ಸು? ಬಿಲ್ಲು ಟಂಯ್ ಅಂದಾಗೆಲ್ಲ ಅರಳೆ ಧೂಳು ಹಾರ್ತಿತ್ತು, ಅದೆಲ್ಲಾ ಅವನ ಎದ್ಯಾಗೆ ಹೋಗಿ ಕುಂತ್ಕಂತು. ಎರಡು ಸಲ ಹೆದೆ ಮೀಟೋನು, ನಾಕು ಸಲ ಕೆಮ್ಮೋನು. ಕೈ ಎತ್ತಾಕೆ ಉಸಿರು ಸಾಲದಾದಾಗ ನನ್ನ ಶಾಲೆಯಿಂದ ಎಬ್ಬಿಸ್ಕಂಡು ಬಂದ. ಆಗ ಮಿಷನ್ ಅನ್ನೋದು ನಮ್ಮೂರಿಗೆ ಕಾಲೇ ಇಟ್ಟಿರ್ಲಿಲ್ಲ. ನನ್ನ ಶಾಲೆ ಬಿಡಿಸಿದ್ದು ಬಿಲ್ಲು ಕಣವ್ವ."

ಇದನ್ನು ನಾನು ಹುಸೇನಮ್ಮನಿಗೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮೇಡಂ ಮುಖ ಆಕಡೆ ತಿರುಗಿಸಿಕೊಂಡರು.

"ನಿಮ್ಮಪ್ಪ ಮಿಷನ್ ತಂದ. ಮೂಗಿಗೆ ಬಟ್ಟೆ ಕಟ್ಕಂಡು ದೂರ ನಿಂತ್ಕಂಡು ಕೆಲ್ಸ ಮಾಡ್ತಾನೆ. ಅದಕ್ಕೇ ಅವ್ನಿಗೆ ನಿನ್ನ ಕೈ ಬೇಕಾಗ್ಲಿಲ್ಲ. ಅದಕ್ಕೇ ನೀನು ಇಲ್ಲಿದ್ದೀಯ. ಹೋಗಿ ಇದನ್ನ ಹೇಳು."

"ಹೇಳಿದ್ರೆ ನೀನು ಮತ್ತೆ ಚಹಾ ಬಿಡ್ತೀಯ."

"ಹೇಳದಿದ್ರೆ ಊಟಾನೇ ಬಿಡ್ತೀನಿ. ಏಳೇ!"

ಒಳಗೆ ಹೋಗಿ ಕೂತೆವು. ಹಿರಿಯೂರಿನ ಒಬ್ಬ ಹುಡುಗ ಮೊದಲು ಬಂದ, ಪರವಾಗಿ. ನೇಕಾರರು, ಕುಂಬಾರರು ಎಂದು ಶುರು ಮಾಡಿ, ಕೈಕಸುಬಿನವನ ಬೆರಳಿನಲ್ಲಿ ಇರುವ ವಿದ್ಯೆ ಯಾವ ಯಂತ್ರಕ್ಕೂ ಬರುವುದಿಲ್ಲ ಎಂದು ಎಷ್ಟು ಚೆನ್ನಾಗಿ ಹೇಳಿದ ಎಂದರೆ, ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. "ಭೇಷ್ ಮಗನೇ!" ಎಂದೂ ಬಾಯಿಂದ ಬಂತು. ಸಭೆಯೆಲ್ಲ ತಿರುಗಿ ನೋಡಿತು. ಮೇಡಂ ಜುಬ್ಬಾ ಹಿಡಿದು ಜಗ್ಗಿದರು: "ತಾತ, ಕುಂತ್ಕಳ್ರಿ! ಅವನು ನಮ್ಮ ಎದುರಾಳಿ ಕಣ್ರಿ!"

ಆಮೇಲೆ ಸಲ್ಮಾ ಬಂದಳು. ಮೊದಲ ಮಾತೇ ಓಡಿತು. ಸೋತೆವು ಅಂದುಕೊಂಡೆ. ನನ್ನ ಬಲಗೈ ತಾನಾಗಿಯೇ ಎದ್ದು ಗಾಳಿಯಲ್ಲಿ ದಾರ ಎಳೆದು ಗಂಟು ಬಿಗಿಯಿತು. ಅವಳು ಅದನ್ನು ನೋಡಿದಳೋ ಇಲ್ಲವೋ, ಇವತ್ತಿಗೂ ಹೇಳುವುದಿಲ್ಲ. ಆದರೆ ನಿಂತಳು. ಉಸಿರು ತೆಗೆದುಕೊಂಡಳು. ಆಮೇಲೆ ಗೇಣಿಗೊಂದು ಗಂಟು ಹಾಕುತ್ತಾ ನಡೆದಳು. ಮುತ್ತಾತನ ಕೆಮ್ಮು ಹೇಳಿದಳು, ಧೂಳು ಹೇಳಿದಳು. ಕೊನೆಯ ಮಾತು ನನಗೆ ಬಾಯಿಪಾಠ ಆಗಿದೆ:

"ನನಗಿಂತ ಮೊದಲು ಮಾತನಾಡಿದ ಗೆಳೆಯರು ಕೈಕಸುಬಿನ ಬೆರಳುಗಳನ್ನು ಹೊಗಳಿದರು. ನಾನೂ ಆ ಬೆರಳುಗಳಿಗೆ ಕೈಮುಗಿಯುತ್ತೇನೆ. ಆದರೆ ಅವುಗಳಲ್ಲಿ ಹತ್ತು ಬೆರಳು ಮೂರನೇ ತರಗತಿಯ ಒಬ್ಬ ಹುಡುಗನವು. ಅವು ಸ್ಲೇಟು ಹಿಡಿಯಬೇಕಾಗಿತ್ತು. ಆ ಹುಡುಗ ಈಗ ಈ ಸಭೆಯಲ್ಲಿ ಕುಳಿತಿದ್ದಾನೆ. ನಮ್ಮ ಎದುರಾಳಿಗೆ ಚಪ್ಪಾಳೆ ತಟ್ಟಿದ್ದು ಅವನೇ."

ಸಭೆ ನಕ್ಕಿತು. ಆಮೇಲೆ ನಗು ನಿಂತಿತು. ಆಮೇಲೆ ಬಂದ ಚಪ್ಪಾಳೆಯನ್ನು ನಾನು ಕೇಳಲಿಲ್ಲ, ನಾನು ಜುಬ್ಬಾದ ತುದಿಯಲ್ಲಿ ಮುಖ ಮುಚ್ಚಿಕೊಂಡಿದ್ದೆ.

ಮೊದಲ ಸ್ಥಾನ ಅವಳಿಗೇ ಬಂತು. ಹಿರಿಯೂರಿನ ಹುಡುಗನಿಗೆ ಎರಡನೆಯದು. ಅವನು ಬಂದು ನನ್ನ ಕೈ ಕುಲುಕಿ, "ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನೀವೊಬ್ರೇ ತಾತ" ಎಂದ. ಕೋಲಾಟಕ್ಕೂ ಎರಡನೇ ಸ್ಥಾನ ಬಂತು. ಎರಡನೆಯದು ಬಂತಲ್ಲ ಎಂದು ಹುಡುಗಿಯರು ಶಾಲೆಯ ಗೇಟು ದಾಟುವವರೆಗೆ ಅತ್ತರು. ಅಲ್ಲಿಂದ ಹೊಳಲ್ಕೆರೆಯವರೆಗೆ ಟೆಂಪೋದ ಸೀಟುಗಳ ಮೇಲೆ ಅದೇ ಕೋಲು ಬಡಿಯುತ್ತಾ ಹಾಡಿದರು. ಡ್ರೈವರ್, "ಲೇ, ಸೀಟು ಹರಿದ್ರೆ ನಿಮ್ಮ ತಾತನ ಹತ್ರಾನೇ ಹೊಲಿಸ್ತೀನಿ!" ಎಂದು ಕೂಗಿದ. ಹೊಲಿಯುತ್ತೇನೆ ಬಿಡು ಎಂದೆ.

ಮನೆಗೆ ಬಂದಾಗ ಬಾಬು ಬಾಗಿಲಲ್ಲೇ ನಿಂತಿದ್ದ. ಸಲ್ಮಾ ಮಾತನಾಡಿದ್ದನ್ನೆಲ್ಲ ಅಂಗಳದಲ್ಲೇ ಇನ್ನೊಮ್ಮೆ ಹೇಳಿ ತೋರಿಸಿದಳು. ಅವನು ನನ್ನ ಕಡೆ ನೋಡಲಿಲ್ಲ, ಮೂಗಿಗೆ ಕಟ್ಟುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದ. ನಾನೂ ಪಡಸಾಲೆಗೆ ಹೋಗಿ ಅರ್ಧ ಹೊಲಿದ ಗಾದಿ ಎಳೆದುಕೊಂಡೆ. ನಮ್ಮಿಬ್ಬರದೂ ಒಂದೇ ರಕ್ತ, ಚರ್ಚೆಗೆ ನಾಲಾಯಕ್ಕು.

ಹೀಗೆ ಬಿಲ್ಲು ಒರೆಸುತ್ತಾ ಇಷ್ಟೆಲ್ಲ ನೆನಪಾಯಿತು. ಬರುವ ವಾರ ರಾಜ್ಯಮಟ್ಟದ ಸ್ಪರ್ಧೆ. ಎರಡು ದಿನ ಅಲ್ಲೇ ಉಳಿಯಬೇಕು, ಹಾಸಿಗೆ ತನ್ನಿ ಎಂದಿದ್ದಾರಂತೆ. ಸಲ್ಮಾ ಎರಡೂ ಕಡೆ ಬರೆದುಕೊಂಡಿದ್ದಾಳೆ. ಎರಡು ಹಾಳೆಗಳನ್ನೂ ಬಿಲ್ಲಿನ ಕೆಳಗೆ ಕೂತು ನನಗೇ ಓದಿ ಹೇಳಿದಳು. ಯಾವ ಚೀಟಿ ಬಂದರೂ ಬರಲಿ, ಅವಳು ಗೆದ್ದೇ ಬರಬೇಕು. ಅವಳು ಮಲಗುವುದು ನಾನು ಹೊಲಿದ ಗಾದಿಯ ಮೇಲೇ ಆಗಬೇಕು.

ಬಿಲ್ಲನ್ನು ಮೊಳೆಗೆ ಸಿಕ್ಕಿಸಿ, ಇನ್ನೂ ಹಿಂಜದ ಅರಳೆಯ ಮೂಟೆ ಎತ್ತಿಕೊಂಡು ಹಿತ್ತಲಿಗೆ ಹೋದೆ. ಶೆಡ್ಡಿನ ಹೊಸಿಲ ಮೇಲೆ ಒಂದು ಗಳಿಗೆ ನಿಂತೆ. ಒಳಗೆ ಮಿಷನ್ನಿನ ಪಟ್ಟಿ ಬಿಗಿಯುತ್ತಿದ್ದ ಬಾಬು ತಲೆ ಎತ್ತಿದ.

"ಏನಪ್ಪ, ಏನ್ ಬೇಕಿತ್ತು?"

"ಇದರ ಸ್ವಿಚ್ ಯಾವುದಲೇ?" ಎಂದೆ.

ಅವನು ತನ್ನ ಮೂಗಿನ ಬಟ್ಟೆ ಬಿಚ್ಚಿ ಮೊದಲು ನನ್ನ ಮೂಗಿಗೆ ಕಟ್ಟಿದ. ಆಮೇಲೆ ಸ್ವಿಚ್ ತೋರಿಸಿದ.