ಬೆನ್ನ ಹಿಂದಿನಿಂದ ಬಂದ ಕೂ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವ ಜಾತಿ ನನ್ನದಲ್ಲ. ದೈವಗಳಿಗೆ ಕೈ ಮುಗಿಯುತ್ತೇನೆ, ಅದು ಹಿರಿಯರಿಗೆ ಸಲ್ಲಬೇಕಾದ ಮರ್ಯಾದೆ. ಆದರೆ ಹುಣಸೆಮರದ ಬುಡದಲ್ಲಿ ಯಾರೋ ನಿಂತಿದ್ದರು ಎಂದು ಹೇಳಿಕೊಂಡು ಬರುವವರಿಗೆ ನಾನು ಕೊಡುತ್ತಿದ್ದ ಔಷಧ ಒಂದೇ: ರಾತ್ರಿ ಊಟ ಕಡಿಮೆ ಮಾಡಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ಬೇರೆ ಎಂತ ಹೇಳಲಿಕ್ಕುಂಟು? ಆದ್ದರಿಂದ ಮುಂದಿನದ್ದನ್ನು ಓದಿ ನೀವು ನಕ್ಕರೆ ನನ್ನ ಆಕ್ಷೇಪವಿಲ್ಲ. ಕೆಲವು ವರ್ಷಗಳ ಹಿಂದೆ ಯಾರಾದರೂ ನನಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕುಕ್ಕುಂದೂರಿನ ಆಚೆ ಒಂದು ಸಸ್ಯೋದ್ಯಾನ ಉಂಟು. ಗುಲಾಬಿ, ಕಾರಂಜಿ, ಜೋಡಿಗಳು ಕೂರುವ ಬೆಂಚು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅರ್ಧ ಜಾಗದಲ್ಲಿ ಊರಿನ ಮರಗಳನ್ನೇ ನೆಟ್ಟು ಕಾಡಾಗಲು ಬಿಟ್ಟಿದ್ದಾರೆ. ಎಳೆಯ ಸಸಿಗಳನ್ನು ಅಮುಕಿ ಬೆಳೆಯುವ ಕಮ್ಯುನಿಸ್ಟ್ ಗಿಡವೆಂಬ ಕಳೆಯನ್ನು ಕಡಿಯಲು ಭಾನುವಾರ ಬೆಳಿಗ್ಗೆ ನಾವು ಕೆಲವು ಸ್ವಯಂಸೇವಕರು ಅಲ್ಲಿಗೆ ಹೋಗುತ್ತೇವೆ. ಮನೆಯಲ್ಲಿ ಹುಲ್ಲುಕಡ್ಡಿ ಎತ್ತದೆ, ಹೊರಗೆ ಹೋಗಿ ಬೆವರು ಸುರಿಸಿ ಗೋಳಿಬಜೆ ತಿನ್ನುವವನೇ ಸ್ವಯಂಸೇವಕ ಎಂಬುದು ನನ್ನ ಹೆಂಡತಿಯ ವ್ಯಾಖ್ಯಾನ.

ಆ ಗಿಡ ಆಳೆತ್ತರ ಬೆಳೆಯುತ್ತದೆ. ಎಲ್ಲರ ಕೈಯಲ್ಲೂ ಕತ್ತಿ, ಪಕ್ಕದವರು ಕಾಣುವುದಿಲ್ಲ. ಹಾಗಾಗಿ ನಾವು ಅಡ್ಡಸಾಲಿನಲ್ಲಿ ನಿಂತು ಮುಂದುವರಿಯುತ್ತ, ಆಗಾಗ ಎಡತುದಿಯಿಂದ ಒಬ್ಬೊಬ್ಬರಾಗಿ ಕೂ ಹಾಕುವುದು ಪದ್ಧತಿ. ಕೂ ಎಲ್ಲಿಂದ ಬಂತೋ ಅಲ್ಲಿ ಮನುಷ್ಯ ಇದ್ದಾನೆ, ಕತ್ತಿ ಬೀಸಬೇಡ ಎಂದರ್ಥ. ಎಲ್ಲರ ಕೂ ಬಂದರೆ ಎಲ್ಲರೂ ಕ್ಷೇಮ.

ನನ್ನ ಎಡಕ್ಕೆ ಶಿರ್ವದ ಲೀನಾ ಬಾಯಿ. ಇಗರ್ಜಿಯಲ್ಲಿ ಹಾಡುವವರಾದ್ದರಿಂದ ಅವರ ಕೂ ಶ್ರುತಿಬದ್ಧ. ಬಲಕ್ಕೆ ಕಾಪುವಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಹಮೀದಾಕ. ಅವರ ಕೂ ತಪ್ಪದೆ ಒಂದು ಕೆಮ್ಮಿಗೆ ಬಂದು ನಿಲ್ಲುತ್ತಿತ್ತು.

"ಇದು ಕೂ ಅಲ್ಲ ಮಾರಾಯ್ರೆ, ಹಳೇ ಲಾರಿ ಸ್ಟಾರ್ಟ್ ಮಾಡುವುದು" ಎಂದು ಲೀನಾ ಬಾಯಿ ಛೇಡಿಸುತ್ತಿದ್ದರು.

"ಸ್ಟಾರ್ಟ್ ಆಗ್ತದಲ್ಲ ಬಾಯಿ, ಅಷ್ಟು ಸಾಕು" ಎನ್ನುವರು ಹಮೀದಾಕ.

ಆ ಭಾನುವಾರ ಬಿಸಿಲೇರಿತ್ತು. ಕೂ ಸುತ್ತು ಶುರುವಾಯಿತು. ಲೀನಾ ಬಾಯಿಯದ್ದು ಬಂತು, ನಾನು ಹಾಕಿದೆ, ಮುಂದಿನದು ಹಮೀದಾಕರ ಸರದಿ. ಬಂತು, ಕೆಮ್ಮಿನ ಸಮೇತ. ಆದರೆ ಬಲಗಡೆಯಿಂದಲ್ಲ, ನನ್ನ ಬೆನ್ನ ಹಿಂದಿನಿಂದ, ದೂರದಿಂದ.

ನನಗೆ ಸಿಟ್ಟು ಬಂತು. ಸಾಲು ಬಿಟ್ಟು ನೆರಳಿಗೆ ಹೋಗಿ, ಅಲ್ಲಿಂದಲೇ ಹಾಜರಿ ಹಾಕುವುದೆಂದರೆ ಎಂತ ಶಿಸ್ತು ಇದು? ಪಾಠ ಕಲಿಸದೆ ಬಿಡಬಾರದೆಂದು ಕತ್ತಿ ಕೆಳಗಿಟ್ಟು, ಮನಸ್ಸಿನಲ್ಲೇ ಒಂದು ಗಂಭೀರ ಭಾಷಣ ಸಿದ್ಧಪಡಿಸುತ್ತ ಹಿಂದಕ್ಕೆ ನಡೆದೆ.

ಅಲ್ಲಿ ಬಳ್ಳಿ ಮುಚ್ಚಿದ ಒಂದು ಹೊಂಡ ಇತ್ತು, ಹಿಂದೆ ಯಾರೋ ಮುರಕಲ್ಲು ತೆಗೆದದ್ದು. ಅದರ ತಳದಲ್ಲಿ ಹಮೀದಾಕ ಮುಖ ಅಡಿಯಾಗಿ ಬಿದ್ದಿದ್ದರು. ಗಲ್ಲ ಕಲ್ಲಿಗೆ ಬಡಿದಿತ್ತು. ಪ್ರಜ್ಞೆ ಇರಲಿಲ್ಲ, ಉಸಿರು ಗೊರಗೊರ ಅನ್ನುತ್ತಿತ್ತು. ನಾನು ಇಳಿದು ಅವರನ್ನು ಮಗ್ಗುಲಾಗಿ ಹೊರಳಿಸಿದೆ. ಬಾಯಿಯಿಂದ ರಕ್ತ ಹರಿದು ಹೋದ ಮೇಲೆ ಉಸಿರು ಸಲೀಸಾಯಿತು. ಭಾಷಣ ಅಲ್ಲೇ ಉಳಿಯಿತು.

ಟಾರ್ಪಾಲಿನಲ್ಲಿ ಮಲಗಿಸಿ ಹೊತ್ತು ತಂದು ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದರೆ ಆ ರಕ್ತವೇ ಉಸಿರು ಕಟ್ಟಿಸುತ್ತಿತ್ತು ಎಂದರು ಡಾಕ್ಟರು. ದವಡೆ ಎರಡು ಕಡೆ ಮುರಿದಿತ್ತು. ಕೂಗಿಕೊಂಡರು ಎಂದು ನಾನು ಹೇಳಿದಾಗ, "ಈ ದವಡೆಯಲ್ಲಾ?" ಎಂದು ಕೇಳಿ ನನ್ನ ಬಿ.ಪಿ. ನೋಡಲು ನರ್ಸಿಗೆ ಹೇಳಿದರು.

ಬೀಳುವ ಮೊದಲು ಕೂ ಹಾಕಿರಬಹುದು ಎಂದುಕೊಂಡೆ. ಆದರೆ ನಾನು ಹುಡುಕಿಕೊಂಡು ಹೋದದ್ದು ಕೂ ಕೇಳಿದ ಕೂಡಲೇ. ಆಗಲೇ ಅವರ ಅಂಗಿಯ ಮೇಲಿನ ರಕ್ತ ಒಣಗತೊಡಗಿತ್ತು.

ನಿಜವಾಗಿ ನನ್ನ ನಿದ್ದೆ ಕೆಡಿಸಿದ್ದು ಇದಲ್ಲ. ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ಲೀನಾ ಬಾಯಿ ಕೇಳಿದ ಮಾತು:

"ಮಾಸ್ಟ್ರೆ, ನೀವು ಹಿಂದೆ ಎಂತಕ್ಕೆ ಹೋದದ್ದು? ಅವರ ಕೂ ಯಾವಾಗಿನ ಹಾಗೆ ಬಲಗಡೆಯಿಂದಲೇ ಬಂತಲ್ವಾ?"

ಸಾಲಿನ ಉಳಿದವರನ್ನೂ ಒಬ್ಬೊಬ್ಬರಾಗಿ ವಿಚಾರಿಸಿದೆ. ಎಲ್ಲರಿಗೂ ಆ ಕೂ ಕೇಳಿದ್ದು ಹಮೀದಾಕ ಇರಬೇಕಾದ ಜಾಗದಿಂದಲೇ. ಎಲ್ಲರ ಲೆಕ್ಕದಲ್ಲೂ ಹಮೀದಾಕ ಕ್ಷೇಮ. ನನಗೂ ಹಾಗೆಯೇ ಕೇಳಿದ್ದರೆ ನಾನೂ ತೃಪ್ತಿಯಿಂದ ಗಿಡ ಕಡಿಯುತ್ತಿದ್ದೆ.

ನನ್ನ ವಿಜ್ಞಾನವನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ನೋಡಿದ್ದೇನೆ. ಪ್ರತಿಧ್ವನಿ ಎನ್ನೋಣವೆಂದರೆ ಮೊದಲು ಯಾರಾದರೂ ಕೂಗಬೇಕು. ಕೋಗಿಲೆ ಎನ್ನೋಣವೆಂದರೆ ಅದು ಕೆಮ್ಮುವುದಿಲ್ಲ. ಯಾರೋ ತಮಾಷೆಗೆ ಅನುಕರಿಸಿದರು ಎಂದರೆ, ಒಬ್ಬನೇ ಎರಡು ಕಡೆಯಿಂದ ಹೇಗೆ? ಹಮೀದಾಕರನ್ನೇ ಕೇಳಿದೆ. ನೀರು ಕುಡಿಯಲೆಂದು ಹಿಂದೆ ಹೋದದ್ದು, ಕಾಲು ಜಾರಿದ್ದು ನೆನಪುಂಟು, ಆಮೇಲೆ ಕಂಡದ್ದು ಆಸ್ಪತ್ರೆಯ ಫ್ಯಾನು ಎಂದರು.

ದವಡೆ ಕೂಡಿದ ಮೇಲೆ ಅವರು ಮತ್ತೆ ಬರತೊಡಗಿದರು. ಆದರೆ ಕೂ ಹಾಕುವುದಿಲ್ಲ. ಸೈಕಲಿನ ಒಂದು ಗಂಟೆಯನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಾರೆ, ಸರದಿ ಬಂದಾಗ ಅದನ್ನು ಬಾರಿಸುತ್ತಾರೆ.

"ಹೆದರಿಕೆಯಾ ಹಮೀದಾಕ?" ಎಂದು ಒಮ್ಮೆ ಕೇಳಿದೆ.

"ಹೆದರಿಕೆ ಎಂತದ್ದು ಮಾಸ್ಟ್ರೆ. ನಾನು ಒಂದು ಹಾಕಿ, ಎರಡು ಕೇಳಿದರೆ?"

ಈಗಲೂ ಬಲಗಡೆಯಿಂದ ಗಂಟೆ ಕೇಳಿದ ಮೇಲೆ, ಸ್ವಲ್ಪ ಹೊತ್ತು ಕತ್ತಿ ಎತ್ತದೆ ಬೆನ್ನ ಹಿಂದಕ್ಕೆ ಕಿವಿಗೊಟ್ಟು ನಿಲ್ಲುತ್ತೇನೆ. ಪಕ್ಕದ ಲೀನಾ ಬಾಯಿಯ ಕತ್ತಿಯ ಸದ್ದೂ ಆಗ ಕೇಳುವುದಿಲ್ಲ.