ಜವರಪ್ಪನ ಮೇಣ

ಪಾಲಿಶ್ ಜವರಪ್ಪನ ಕೈ ತಾಗಿದರೆ ಮರ ಕನ್ನಡಿಯಾಗುತ್ತದೆ ಎಂದು ದೇವರಾಜ ಮೊಹಲ್ಲಾದ ಅಂಗಡಿಯವರು ಹೇಳುತ್ತಿದ್ದರು. ಮದುವೆಯ ಮಂಚವೋ, ವಕೀಲರ ಮೇಜೋ, ಏನೇ ಬರಲಿ, ಮೊದಲು ಒಡೆದ ಗಾಜಿನ ಚೂರಿನಿಂದ ಹಳೆಯ ಬಣ್ಣ ಕೆರೆದು, ಆಮೇಲೆ ಅರಗೋ ಮೇಣವೋ ಹಚ್ಚಿ, ಬಟ್ಟೆಯ ಉಂಡೆಯಿಂದ ತಿಕ್ಕುತ್ತಿದ್ದ. ಹಳ್ಳಿಯ ಗದ್ದೆ ಬಿಟ್ಟು ಮೈಸೂರಿಗೆ ಬಂದು ಮೂವತ್ತು ವರ್ಷವಾಗಿತ್ತು. ತನ್ನ ಕೈ ತಪ್ಪು ಮಾಡೀತು ಎಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ, ಐವತ್ತೊಂಬತ್ತನೇ ಇಸವಿಯ ಕಾರ್ತಿಕದವರೆಗೆ.

ಆ ಕಾರ್ತಿಕದಲ್ಲಿ ಮಗ ಸಿದ್ದರಾಜು ಸೈನ್ಯದಿಂದ ರಜೆಗೆ ಬಂದ. ಟ್ರಂಕಿನ ಜೊತೆಗೆ, ಗೋಣಿ ಸುತ್ತಿ ಹೊಲಿದ, ಆಳಿಗಿಂತ ಉದ್ದದ ಒಂದು ಕಟ್ಟು ಇತ್ತು. ಬಿಚ್ಚಿದರೆ ಎರಡು ಮರದ ಹಲಗೆಗಳು. ಅಂಗೈಯಷ್ಟು ಅಗಲ, ತುದಿ ಮೇಲಕ್ಕೆ ಬಾಗಿತ್ತು.

"ಇದಕ್ಕೆ ಸ್ಕೀ ಅಂತಾರೆ ಕಣಪ್ಪ. ಕಾಶ್ಮೀರದ ಹಿಮದ ಮೇಲೆ ಇದನ್ನ ಕಾಲಿಗೆ ಕಟ್ಕೊಂಡು ಜಾರ್ಕೊಂಡು ಹೋಗ್ಬೇಕು. ಗುಜರಿಗೆ ಹಾಕಿದ್ದ ಜೋಡಿ, ಸಾಹೇಬರನ್ನ ಕೇಳಿ ತಂದೆ."

"ಬಾಗ್ಲು ಕಿತ್ತು ಕಾಲಿಗೆ ಕಟ್ಕೊಂಡಂಗದೆ," ಎಂದು ಜವರಪ್ಪ ನಕ್ಕ.

ಸಿದ್ದರಾಜು ನಗಲಿಲ್ಲ. "ಹೋದ ವರ್ಷ ನಮ್ಮ ಸಾಲಿನ ಕೊನೆಯೋನ ಹಲಗೆಗೆ ಹಿಮ ಮೆತ್ಕೊಂಡ್ಬುಡ್ತು. ಹೆಜ್ಜೆ ಹೆಜ್ಜೆಗೂ ಕಲ್ಲು ಕಟ್ಟಿದಂಗೆ. ಗಾಳಿ ಬೇರೆ ಎದ್ದಿತ್ತು. ತಿರುಗಿ ನೋಡ್ದಾಗ ಅವನಿಲ್ಲ." ಒಂದು ಹಲಗೆ ತಿರುಗಿಸಿ ತಳ ತೋರಿಸಿದ. "ತಳಕ್ಕೆ ಸರಿಯಾಗಿ ಮೇಣ ಹಚ್ಚಿದ್ರೆ ಮೆತ್ಕೊಳ್ಳಲ್ಲ. ಈ ಸಲ ನಮ್ಮ ತಂಡದ ಮೇಣದ ಕೆಲಸ ನನಗೆ ಕೊಟ್ಟವ್ರೆ. ಎಂಟು ಜನ. ನೀನು ಕಲ್ಸು."

ಜವರಪ್ಪ ಅಂದೇ ಬೆಂಚು ಕಟ್ಟಲು ಕೂತ. ಹಿತ್ತಿಲಲ್ಲಿ ಬಿದ್ದಿದ್ದ ಹಲಸಿನ ಬಾಗಿಲಿನ ಒಂದು ಹಲಗೆ, ಅದಕ್ಕೆ ಸೊಂಟದೆತ್ತರದ ನಾಲ್ಕು ಕಾಲು. ಹಲಗೆಯ ಮೇಲೆ ಸ್ಕೀಯ ತಲೆಗೊಂದು, ನಡುವಿಗೊಂದು, ಬಾಲಕ್ಕೊಂದು ಮರದ ದಿಮ್ಮಿ ಬಡಿದ. ಸ್ಕೀ ಜಾರದಿರಲೆಂದು ದಿಮ್ಮಿಗಳಿಗೆ ಸೈಕಲ್ಲಿನ ಹಳೆಯ ಟ್ಯೂಬು ಸುತ್ತಿದ. ತಳ ಮೇಲೆ ಮಾಡಿ ಎರಡನ್ನೂ ಮಲಗಿಸಿದಾಗ ಅವು ಒಂದಿಷ್ಟೂ ಅಲುಗಲಿಲ್ಲ.

ನೀರು ತರುತ್ತಿದ್ದ ದೇವಿರಮ್ಮ ಬಾಗಿಲಲ್ಲೇ ನಿಂತಳು. ಉದ್ದಕ್ಕೆ ಅಕ್ಕಪಕ್ಕ ಮಲಗಿದ್ದ ಎರಡು ಮರಗಳನ್ನು ನೋಡಿದಳು. ಬಿಂದಿಗೆ ಇಳಿಸಿ ಒಳಗೆ ಹೋಗಿ ಒನಕೆ ತಂದು, ಎರಡರ ನಡುವೆ ಇಟ್ಟಳು.

"ಇದ್ಯಾಕವ್ವ?" ಎಂದ ಮಗ.

"ಎರಡೇ ಇದ್ರೆ ಚಟ್ಟದ ಬೊಂಬು ಇಟ್ಟಂಗೆ ಕಾಣ್ತದೆ. ಮೂರಾಗ್ಲಿ."

"ಕೆಲಸ ಮಾಡಾಗ ಅಡ್ಡ ಬತ್ತದೆ ಕಣೆ," ಎಂದು ಜವರಪ್ಪ ಗೊಣಗಿದ. ಆದರೂ ತೆಗೆಯಲಿಲ್ಲ.

ಮೇಣದ ಹದ ನೋಡುವುದಕ್ಕೆ ಹಿಮ ಬೇಕಿತ್ತು. ಐಸ್ ಫ್ಯಾಕ್ಟರಿಯ ಕಾಳಯ್ಯ ಪರಿಚಯದವನು. ಅವನಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಐಸಿನ ಗಡ್ಡೆ ತರಿಸಿ, ಬಾಚಿಯಿಂದ ಹೆರೆದು ಅಂಗಳದಲ್ಲಿ ಹರಡಿದರು. ಜೇನುಮೇಣ, ಮೇಣದಬತ್ತಿ, ಹರಳೆಣ್ಣೆ ಬೆರೆಸಿ ಕಾಯಿಸಿ, ತಳದ ಮೇಲೆ ತೊಟ್ಟಿಕ್ಕಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಎಳೆದು, ಆರಿದ ಮೇಲೆ ಗಾಜಿನಿಂದ ಕೆರೆದು ಸ್ಕೀಯನ್ನು ಐಸಿನ ಮೇಲೆ ತಳ್ಳಿದರು. ಗಟ್ಟಿ ಮೇಣ ತಡೆಯಿತು. ಎಣ್ಣೆ ಹೆಚ್ಚಿಸಿದಷ್ಟೂ ಚೆನ್ನಾಗಿ ಜಾರಿತು. ಆರನೆಯ ದಿನ, ಬೆರಳು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತನೆಯ ಮೇಣ ಹಚ್ಚಿದಾಗ, ಸ್ಕೀ ಮೀನಿನಂತೆ ನುಣುಚಿ ಹೋಗಿ ಗೋಡೆಗೆ ಹೊಡೆಯಿತು.

"ಸಿಕ್ತು," ಎಂದ ಜವರಪ್ಪ. ಐಸು ಕರಗಿದ ನೀರು ಅಂಗಳದ ತುಂಬ ಹರಿದು ಅವನ ಪಾದ ತೋಯಿಸುತ್ತಿತ್ತು. ಅದನ್ನು ಅವನು ಗಮನಿಸಲಿಲ್ಲ.

ಮಗ ಹೊರಡುವಾಗ ಜವರಪ್ಪ ಮೇಣದ ನಾಲ್ಕು ಡಬ್ಬಿ ಕಟ್ಟಿಕೊಟ್ಟ. ತಾನು ಇಪ್ಪತ್ತು ವರ್ಷ ಬಳಸಿದ ಗಾಜಿನ ಚೂರನ್ನು ಚಿಂದಿಯಲ್ಲಿ ಸುತ್ತಿ ಅವನ ಜೇಬಿಗೆ ಹಾಕಿದ. ಹಳೆಯ ಸ್ಕೀ ಜೋಡಿ ಬೆಂಚಿನ ಮೇಲೇ ಉಳಿಯಿತು, ನಡುವೆ ಒನಕೆಯೊಂದಿಗೆ.

ಎಂಟು ದಿನ ಕಳೆದಿರಬೇಕು. ಕಾಳಯ್ಯ ಹೇಳಿ ಕಳಿಸಿದ: ಐಸಿನ ಕೋಣೆಯ ಮರದ ಬಾಗಿಲು ಬಿಗಿಯಾಗುತ್ತಿದೆ, ಏನಾದರೂ ಹಚ್ಚಬೇಕು. ಜವರಪ್ಪ ಉಳಿದಿದ್ದ ಮೇಣವನ್ನೇ ಒಯ್ದು, ಬಾಗಿಲಿನ ಅಂಚಿಗೆಲ್ಲ ಬಳಿದು, "ಈ ಮೇಣ ಈಗ ಕಾಶ್ಮೀರದಲ್ಲಿ ಅದೆ, ಗೊತ್ತಾ?" ಎಂದು ಹೆಮ್ಮೆಯಿಂದ ಬಾಗಿಲು ಎಳೆದು ಮುಚ್ಚಿದ. ಕಾಳಯ್ಯ ಒಲೆಯ ಮೇಲೆ ಟೀ ಇಟ್ಟ.

ಟೀ ಕುಡಿದು ಬಂದು ಎಳೆದರೆ ಬಾಗಿಲು ಬರಲಿಲ್ಲ. ಇಬ್ಬರೂ ಸೇರಿ ಎಳೆದರು. ಕಿತ್ತುಕೊಂಡಂತೆ ತೆರೆಯಿತು. ಮೇಣ ಹಚ್ಚಿದ ಕಡೆಯೆಲ್ಲ ಅಕ್ಕಿ ಹಿಟ್ಟಿನಂಥ ಬಿಳಿಯ ಪುಡಿ ಒತ್ತಾಗಿ ಮೆತ್ತಿಕೊಂಡಿತ್ತು. ಮೇಣವಿಲ್ಲದ ಮರ ಬರಿದಾಗಿತ್ತು. ಜವರಪ್ಪ ಉಗುರಿನಿಂದ ಕೆರೆದ. ಪುಡಿ ಬಿಡಲಿಲ್ಲ. ಮೇಣದೊಳಕ್ಕೆ ಹಲ್ಲು ಊರಿತ್ತು.

"ಇದು ನಾನು ಒಯ್ದ ಐಸಿನ ಮೇಲೆ ಜಾರಿತ್ತಲ್ಲ ಕಾಳಯ್ಯ."

ಕಾಳಯ್ಯ ನಕ್ಕ. "ನೀವು ಒಯ್ದಿದ್ದು ಸಾಯ್ತಾ ಇದ್ದ ಐಸು ಜವರಪ್ಪನೋರೆ. ಬಿಸಿಲಿಗೆ ಬಂದ ಗಳಿಗೆಯಿಂದ ನೀರು ಬುಡ್ತದೆ. ಎಣ್ಣೆ ನೀರಿನ ಮೇಲೆ ಜಾರದೆ ಏನು ಮಾಡೀತು? ಈ ಪೈಪಿನ ಮೇಲಿರೋದು ನೋಡಿ, ಇದು ಬದುಕಿರೋದು."

ಪೈಪಿನ ಮೇಲೆ ಒಣ ಮಂಜು ಹೂವಿನಂತೆ ಬಿರಿದಿತ್ತು. ಜವರಪ್ಪ ಮುಟ್ಟಿದ. ಅದು ಬೆರಳನ್ನು ಹಿಡಿದುಕೊಂಡಿತು.

ಅಲ್ಲಿಂದ ತಂತಿ ಕಚೇರಿಯವರೆಗೂ ಅವನು ಓಡಿದ. ಐವತ್ತರ ಮನುಷ್ಯ ಸಯ್ಯಾಜಿರಾವ್ ರಸ್ತೆಯಲ್ಲಿ ಬರಿಗಾಲಲ್ಲಿ ಓಡುವುದನ್ನು ಜನ ತಿರುಗಿ ನೋಡಿದರು. "ಮೇಣ ತಪ್ಪು. ಕೆರೆದು ತೆಗೆ" ಎಂದು ಹೇಳಿ ಬರೆಸಿದ. ಮನೆಗೆ ಬಂದವನೇ ಎಣ್ಣೆಯಿಲ್ಲದ ಗಟ್ಟಿ ಮೇಣ ಕಾಯಿಸಿ, ಕಾಳಯ್ಯನ ಪೈಪಿನ ಮಂಜಿಗೆ ಉಜ್ಜಿ ನೋಡಿ, ಪಾರ್ಸೆಲ್ ಮಾಡಿ ಕಳಿಸಿದ.

ಐದನೆಯ ದಿನ ಒಂದು ಕಾರ್ಡು ಬಂತು. ಮೇಲಿದ್ದ ತಾರೀಕು ತಂತಿ ಕೊಟ್ಟ ದಿನದ್ದೇ.

"ಅಪ್ಪನಿಗೆ ನಮಸ್ಕಾರ. ಕ್ಯಾಂಪಿನ ಬಿಸಿಲಿನ ಹಿಮದಲ್ಲಿ ನಿನ್ನ ಮೇಣ ಬಹಳ ಚೆನ್ನಾಗಿ ಜಾರಿತು. ಸಾಹೇಬರು ಮೆಚ್ಚಿದರು. ಎಂಟು ಜನಕ್ಕೂ ಅದನ್ನೇ ಹಚ್ಚಿದ್ದೇನೆ. ನಾಳೆ ನಸುಕಿಗೆ ಮೇಲಕ್ಕೆ ಹೊರಡುತ್ತೇವೆ. ಎರಡು ತಿಂಗಳು ಕಾಗದ ಬರುವುದಿಲ್ಲ."

ಜವರಪ್ಪ ಓದಿಸಿಕೊಂಡು ಕಾರ್ಡನ್ನು ಮಡಿಸಿ ಇಟ್ಟುಕೊಂಡ. ದೇವಿರಮ್ಮ ಕೇಳಿದ್ದಕ್ಕೆ, "ಚೆನ್ನಾಗವ್ನಂತೆ," ಎಂದ. ಅಂದಿನಿಂದ ಅವಳು ಬೆಳಿಗ್ಗೆ ಎದ್ದು ಮೊದಲು ಒನಕೆ ಅದರ ಜಾಗದಲ್ಲಿದೆಯೇ ಎಂದು ನೋಡುವುದನ್ನು ಕಂಡರೂ ಕಾಣದಂತೆ ಇರುತ್ತಿದ್ದ. ಮಂಚಗಳು ಬಂದವು, ಮೇಜುಗಳು ಬಂದವು. ತಿಕ್ಕುತ್ತಿದ್ದ. ಎಣ್ಣೆ ಮಿಂಚುವ ಮರ ಕಂಡರೆ ಬಟ್ಟೆ ಕೈಯಿಂದ ಜಾರುತ್ತಿತ್ತು. ಪುಷ್ಯ ಕಳೆಯಿತು, ಮಾಘ ಕಳೆಯಿತು.

ಯುಗಾದಿ ಮುಗಿದ ಮೂರನೆಯ ದಿನ ಮಧ್ಯಾಹ್ನ ಸಿದ್ದರಾಜು ಬಾಗಿಲಲ್ಲಿ ನಿಂತಿದ್ದ. ಬಲಗೈಯ ಎರಡು ಬೆರಳು ಅರ್ಧಕ್ಕೆ ನಿಂತಿದ್ದವು. ದೇವಿರಮ್ಮ ಆ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದಳು.

ಊಟವಾದ ಮೇಲೆ ಅವನು ಬೆಂಚಿನ ಬಳಿ ಬಂದು, ಜೇಬಿನಿಂದ ಗಾಜಿನ ಚೂರು ತೆಗೆದು ಇಟ್ಟ.

"ನಿನ್ನ ತಂತಿ, ಪಾರ್ಸೆಲ್ಲು, ಎರಡೂ ನಾವು ಕೆಳಗೆ ವಾಪಸ್ ಬಂದ ಮೇಲೆ ಸಿಕ್ತು," ಎಂದ. "ಮೇಲೆ ಹೋಗ್ತಿದ್ದಂಗೇ ಎಲ್ರ ಹಲಗೆಗೂ ಹಿಮ ಮೆತ್ಕೊಂಡ್ಬುಡ್ತು. ಸಾಲಲ್ಲಿ ಮುಂದಿದ್ದೋರಿಂದ ಶುರು ಮಾಡಿ ಒಬ್ಬೊಬ್ಬರದೇ ಕೆರೆದೆ. ಕೈಗವಸು ಹಾಕ್ಕೊಂಡ್ರೆ ಗಾಜು ಹಿಡಿಯಕ್ಕಾಗಲ್ಲ, ಬಿಚ್ಚಿದ್ದೆ. ಏಳು ಆಯ್ತು. ಎಂಟನೇದಕ್ಕೆ ಬೆರಳು ಬಗ್ಗಲಿಲ್ಲ. ಗಾಳಿ ಎದ್ದುಬುಡ್ತು. ಸಾಲಿನ ಕೊನೆಯೋನು ಸಿಗಲೇ ಇಲ್ಲ."

ಜವರಪ್ಪ ಗಾಜಿನ ಚೂರನ್ನು ಎತ್ತಿಕೊಂಡು ಚಿಂದಿಯಿಂದ ಒರೆಸಿದ.

"ಅವನಿಗೆ ಅಪ್ಪ ಇದ್ದಾನಾ?"

"ಅವ್ನೆ."

"ಮೇಣ ಯಾರು ಮಾಡಿದ್ದು ಅಂತ ಆ ಅಪ್ಪನಿಗೆ ಗೊತ್ತಾ?"

ಸಿದ್ದರಾಜು ತಲೆ ಎತ್ತಲಿಲ್ಲ. "ಇಲ್ಲ ಅಪ್ಪ."

"ವಿಳಾಸ ಕೊಡು. ನಾಳೆ ಕಾಗದ ಬರೆಸ್ತೀನಿ," ಎಂದ ಜವರಪ್ಪ.

ಅಂದು ಸಂಜೆ ದೇವಿರಮ್ಮ, ಮಗ ಬಂದನಲ್ಲ ಎಂದು, ಒನಕೆ ಒಳಗಿಡಲು ಬಂದಳು. ಬೆಂಚಿನ ಪಕ್ಕ ಕೂತಿದ್ದ ಜವರಪ್ಪ ಅದರ ಮೇಲೆ ಕೈಯಿಟ್ಟು ತಡೆದ.

"ಇರ್ಲಿ ಬುಡು. ತೆಗೆದ್ರೆ ಎರಡೇ ಉಳೀತವೆ," ಎಂದ.